ಚನಿಯಪ್ಪನ ಮರುಕೂ

ಪುಷ್ಪಗಿರಿಯ ಕಾಡು ನೋಡಲು ಬರುವವರಿಗೆ ಚನಿಯಪ್ಪ ಈಗ ಒಂದು ಫೋಟೊ. ಸುಬ್ರಹ್ಮಣ್ಯದ ಕಡೆಯಿಂದ ಗುಡ್ಡ ಹತ್ತುವ ದಾರಿಯ ಬುಡದಲ್ಲಿ ಅವನ ಹೆಂಡತಿ ದೇವಮ್ಮನ ಚಾದ ಅಂಗಡಿ. ಜಗಲಿಯಲ್ಲಿ ಊರುಗೋಲು ಹಿಡಿದು ಕೂತ ಮುದುಕ, ಹಿಂದೆ ಹಸಿರು ಗುಡ್ಡ. ಚೆನ್ನಾಗಿ ಬರುತ್ತದಂತೆ. ನೆರೆಮನೆಯವನಾದ ನನಗೆ ಅದನ್ನು ನೋಡಿದರೆ ಮೈ ಉರಿಯುತ್ತದೆ.

ಕೆಲವು ವರ್ಷದ ಹಿಂದಿನವರೆಗೆ ಅವನೇ ಇಲ್ಲಿಯ ಗೈಡು. ಬುಡದ ದಟ್ಟ ಕಾಡು, ನಡುವಿನ ಬಿದಿರಮೆಳೆ, ಮೇಲಿನ ಹುಲ್ಲುಗುಡ್ಡ, ಎಲ್ಲವನ್ನೂ ತನ್ನ ಮನೆಯ ಕೋಣೆಗಳ ಹಾಗೆ ತೋರಿಸುತ್ತಿದ್ದ. ಮಂಗಟ್ಟೆ ಹಕ್ಕಿ ಹಾರಿದರೆ ತಾನೇ ಹಾರಿಸಿದವನಂತೆ ಬೀಗುವುದು ಬೇರೆ. ರಕ್ತ ಹೀರುವ ಉಂಬಳ ಕಚ್ಚಿತೆಂದು ಕಿರುಚುವವರನ್ನು "ಎಂತ ಮಾರಾಯ್ರೆ, ಅದಕ್ಕೂ ಹೊಟ್ಟೆ ಉಂಟಲ್ಲ" ಎಂದು ನಗಿಸುತ್ತಿದ್ದ.

ಬಂದವರಿಗೆ ಬಹಳ ಹಿಡಿಸಿದ್ದು ಅವನ ಕೂ. ನಮ್ಮಲ್ಲಿ ಕಾಡಿನೊಳಗೆ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಉದ್ದಕ್ಕೆ ಕೂ ಹಾಕುತ್ತೇವೆ. ಕೇಳಿದವನು ಮರುಕೂ ಹಾಕಿದರೆ, ಕೇಳಿತು, ಬರುತ್ತಿದ್ದೇನೆ, ಅಲ್ಲೇ ಇರು ಎಂದು ಅರ್ಥ. ಮರುಕೂ ಹಾಕಿ ಹೋಗದವನನ್ನು ನಾನು ಕಂಡಿಲ್ಲ. ಚನಿಯಪ್ಪ ಇದನ್ನೆಲ್ಲ ಪೇಟೆಯವರಿಗೆ ಹೇಳಿಕೊಟ್ಟ. ಅವರು ಕೂಗುವುದನ್ನಷ್ಟೇ ಕಲಿತರು.

ಆ ಸಲ ಕಿಶನ್ ಎಂಬವನ ತಂಡ ಬಂದಿತ್ತು. ಗುಡ್ಡ ದಾಟಿ ಆಚೆ ಸೋಮವಾರಪೇಟೆ ಕಡೆ ಇಳಿಯುವವರು. ಹುಲ್ಲುಗುಡ್ಡ ಮುಟ್ಟಿದ ಮೇಲೆ ಕಿಶನನಿಗೆ ತನ್ನ ಕಪ್ಪು ಕನ್ನಡಕ ಹೊಳೆಯ ಬಳಿ ಬಿಟ್ಟದ್ದು ನೆನಪಾಯಿತು. ತರಲು ಚನಿಯಪ್ಪ ಒಬ್ಬನೇ ಇಳಿದ. ಹೊಳೆಯಲ್ಲಿ ಕಾಲು ಜಾರಿತು, ಉರುಳಿದ ಬಂಡೆಯ ಕೆಳಗೆ ಪಾದ ಸಿಕ್ಕಿತು. ಕೂ ಹಾಕಿದ. ಮೇಲಿನಿಂದ ಐದಾರು ದನಿಗಳು ಒಟ್ಟಿಗೆ ಮರುಕೂ ಹಾಕಿದವು. ಬರುತ್ತಾರೆಂದು ಸುಮ್ಮನಾದ. ಹೊತ್ತು ಕಳೆದು ಮತ್ತೆ ಕೂಗಿದರೆ ಮತ್ತೆ ಮರುಕೂ, ಜೊತೆಗೆ ನಗು.

ಕೆಳಗೆ ಅಂಗಡಿಯಲ್ಲಿದ್ದ ದೇವಮ್ಮನಿಗೂ ಕೂ ಕೇಳಿತ್ತು, ಮರುಕೂ ಕೇಳಿತ್ತು. ಯಾರೋ ಬಿದ್ದಿರಬೇಕು, ಜೊತೆಯವರು ಉಂಟಲ್ಲ ಎಂದು ಅವಳು ಗಂಜಿಗೆ ನೀರಿಟ್ಟಳು. ಗಂಡ ಮನೆಗೆ ಬಾರದಿದ್ದಾಗಲೂ ತಂಡವನ್ನು ಆಚೆ ದಾಟಿಸಲು ಹೋಗಿದ್ದಾನೆ ಎಂದುಕೊಂಡಳು. ತಂಡವೋ, ಗೈಡು ಬರಲಿಲ್ಲವೆಂದು ಬೈದುಕೊಂಡು ತಾನೇ ಆಚೆ ಇಳಿದು ಹೋಗಿತ್ತು. ಮರುದಿನ ಅರಣ್ಯ ಇಲಾಖೆಯವರು ಅವನನ್ನು ಹೊತ್ತು ತಂದರು. ಮಂಗಳೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ನಾನೇ ಕಿಶನನಿಗೆ ಫೋನ್ ಮಾಡಿದ್ದೆ. "ನಾವು ಅವರು ಆಟ ಆಡ್ತಿದ್ದಾರೆ ಅಂದ್ಕೊಂಡ್ವಿ ಸಾರ್" ಎಂದ. ಪಾಪ, ಅವನಿಗೆ ನಿಜವಾಗಿ ಬೇಸರವಾಗಿತ್ತು. ಅವನ ಬೇಸರ ಕಟ್ಟಿಕೊಂಡು ಚನಿಯಪ್ಪನಿಗೆ ಆಗಬೇಕಾದ್ದೇನು?

ಈಗ ಕೂ ಹಾಕುವುದು ಇಲ್ಲಿ ಒಂದು ಮೋಜು. ಕೇಳಿದಾಗಲೆಲ್ಲ ದೇವಮ್ಮ ಒಲೆ ಬಿಟ್ಟು ಗುಡ್ಡಕ್ಕೆ ಓಡುತ್ತಾಳೆ. ಹೋಗಿ ನೋಡಿದರೆ ಹುಡುಗರು ವಿಡಿಯೊ ಮಾಡುತ್ತಿರುತ್ತಾರೆ. ಬೈದು ಬರುತ್ತಾಳೆ, ಮುಂದಿನ ಕೂಗಿಗೆ ಮತ್ತೆ ಓಡುತ್ತಾಳೆ.

ಮೊನ್ನೆ ಭಾನುವಾರ ಹೊಳೆಯ ಕಡೆಯಿಂದ ಒಂದೇ ದನಿಯ ಉದ್ದದ ಕೂ ಬಂತು. ದೇವಮ್ಮ ಓಡಿದಳು. ಜಗಲಿಯಲ್ಲಿ ಚನಿಯಪ್ಪ ಊರುಗೋಲನ್ನು ಬಿಗಿಯಾಗಿ ಹಿಡಿದು ತುಟಿ ಕಚ್ಚಿ ಕೂತಿದ್ದ.

"ಅವಳು ಮುಟ್ಟುವವರೆಗೆ ನೀನೊಂದು ಮರುಕೂ ಹಾಕು ಮಾರಾಯ," ಎಂದೆ. "ಅಲ್ಲಿದ್ದವನಿಗೆ ಧೈರ್ಯವಾದರೂ ಇರಲಿ."

ಅವನು ನನ್ನ ಮುಖ ನೋಡಲಿಲ್ಲ.

"ಹಾಕಿದವ ಹೋಗ್ಬೇಕಲ್ಲ," ಎಂದ. "ನಾನು ಯಾವ ಕಾಲಲ್ಲಿ ಹೋಗುದು?"