ಎರಡರಲ್ಲಿ ಮುಕ್ಕಾಲು ಕಳೆದರೆ

ಜಯನಗರದ ಆಫೀಸಿನಿಂದ ಹೊರಟು, ದಾರಿಯ ಸಿಗ್ನಲ್ಲುಗಳಿಗೆಲ್ಲ ಹಿಡಿಶಾಪ ಹಾಕುತ್ತ ಕೋಣನಕುಂಟೆಯ ಮನೆ ಸೇರುವಾಗ ಏಳು ಗಂಟೆ. ಎಂಟಾದರೆ ಮಗಳಿಗೆ ಊಟ, ನಿದ್ದೆ. ನಡುವಿನ ಆ ಒಂದು ಗಂಟೆ ಮಾತ್ರ ಅವಳು ನನಗೆ ಸಿಗುವುದು. ಲೆಕ್ಕ ಹೇಳಿಕೊಡುವ ನೆಪದಲ್ಲಿ ಪಕ್ಕ ಕೂರಿಸಿಕೊಳ್ಳುತ್ತೇನೆ. ಈಗ ಅದಕ್ಕೂ ಕಲ್ಲು ಬೀಳುವ ಹಾಗಿತ್ತು.

"ನಾಳೆ ಟೆಸ್ಟಲ್ಲೂ ಮಾರ್ಕ್ಸ್ ಬರ್ಲಿಲ್ಲ ಅಂದ್ರೆ ಕೆಳಗಿನ ಮನೆ ಆಂಟಿ ಹತ್ರ ಟ್ಯೂಷನ್‌ಗೆ ಹಾಕೋಣ. ಅವ್ರದ್ದೂ ಏಳಕ್ಕೇ ಶುರು" ಎಂದು ಗಂಡ ಹೇಳಿಬಿಟ್ಟಿದ್ದರು.

ಲೆಕ್ಕ ಇಷ್ಟೇ: ಎರಡರಲ್ಲಿ ಮುಕ್ಕಾಲು ಕಳೆಯಬೇಕು. ಅದಕ್ಕೆ ಮೊದಲು ಇಡೀ ಎರಡನ್ನು ಕಾಲುಗಳಾಗಿ ಒಡೆಯಬೇಕು. "ಫೋರ್ತ್ಸ್, ಫೋರ್ತ್ಸ್" ಎಂದು ಬಡಿದುಕೊಂಡು ಸಾಕಾಗಿ ಕನ್ನಡಕ್ಕೆ ಇಳಿದೆ. ಎರಡು ಚಪಾತಿ ತಂದು ಒಂದೊಂದನ್ನೂ ನಾಲ್ಕು ತುಂಡು ಮಾಡಿದೆ.

"ಎಷ್ಟು ಕಾಲು ಆಯ್ತು?"

"ಎಂಟು."

"ಅದ್ರಲ್ಲಿ ಮೂರು ತೆಗಿ. ಎಷ್ಟು ಉಳೀತು?"

"ಐದು."

"ಹಾಂ, ಐದು ಕಾಲು. ಬರಿ."

ಅವಳು ದೊಡ್ಡದಾಗಿ ಐದು ಬರೆದು, ಪಕ್ಕದಲ್ಲಿ ಪುಟ್ಟದಾಗಿ ಒಂದು ಬೈ ನಾಲ್ಕು ಬರೆದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಎರಡರಲ್ಲಿ ಕಳೆದ್ರೆ ಐದು ಹೆಂಗೇ ಬರುತ್ತೆ? ತಲೇಲಿ ಏನ್ ತುಂಬ್ಕೊಂಡಿದೀಯ?"

ಅಳಿಸಿದಳು. ಮತ್ತೆ ಹೇಳಿದೆ, ಮತ್ತೆ ಅದನ್ನೇ ಬರೆದಳು. ರಬ್ಬರ್ ಕಿತ್ತುಕೊಂಡು ಸೋಫಾ ಕೆಳಗೆ ಎಸೆದೆ.

"ನೀನೇ ಅಲ್ವಾ ಹೇಳಿದ್ದು!" ಅವಳು ಅಳುತ್ತಲೇ ಕೂಗಿದಳು. "ಡ್ಯಾನ್ಸ್ ಕ್ಲಾಸ್ ಐದೂಕಾಲಿಗೆ ಅಂತೀಯಲ್ಲ, ಅದೇ ಐದೂಕಾಲು!"

ಐದು ಕಾಲು, ಐದೂಕಾಲು. 'ದು' ಒಂದಿಷ್ಟು ಎಳೆದರೆ ತಟ್ಟೆಯಲ್ಲಿರುವ ಒಂದೂಕಾಲು ಚಪಾತಿ ಐದೂಕಾಲಾಗುತ್ತದೆ. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆ, ಬೇಕಾದ ಹೊತ್ತಿಗೇ ಕೈಕೊಟ್ಟಿತ್ತು.

"ಐದು ತುಂಡು ಕಣೇ. ಒಂದೊಂದೂ ಕಾಲು" ಎಂದೆ.

"ಓ, ಅಷ್ಟೇನಾ?" ಎಂದು ಮೂಗು ಒರೆಸಿಕೊಂಡು ಐದು ಬೈ ನಾಲ್ಕು ಬರೆದಳು. ಮುಂದಿನ ಲೆಕ್ಕಗಳನ್ನು ನನ್ನನ್ನು ಕೇಳದೆಯೇ ಮಾಡಿ ಮುಗಿಸಿದಳು, ಒಂದೂ ತಪ್ಪಿಲ್ಲದೆ. ನನಗೆ ಯುದ್ಧ ಗೆದ್ದಷ್ಟು ಖುಷಿ. "ಟ್ಯೂಷನ್ನೂ ಬೇಡ, ಗೀಷನ್ನೂ ಬೇಡ!" ಎಂದು ಒಳಗಿದ್ದ ಗಂಡನಿಗೆ ಕೇಳುವ ಹಾಗೆ ಕೂಗಿದೆ.

ಮಗಳು ಪುಸ್ತಕವನ್ನು ಬ್ಯಾಗಿಗೆ ಹಾಕುತ್ತಿದ್ದವಳು ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ.

"ಕೆಳಗಿನ ಮನೆ ಆಂಟಿ ಬೈಯೋದೇ ಇಲ್ವಂತೆ ಅಮ್ಮ. ನಾನು ಅಲ್ಲಿಗೇ ಹೋಗ್ಲಾ?"