ಹಿಂದೆ ಕೂರುವವರ ವಿಮೆ

ಬ್ಯಾಕ್‌ಸೀಟ್ ಮಾಮ ವಿಮೆ ಏಜೆಂಟರು. ಗ್ಯಾರೇಜಿಗೆ ಅಂಟಿಕೊಂಡ ಒಂದೇ ಕೋಣೆ ಅವರ ಆಫೀಸು. ಅದರಲ್ಲಿ ಒಂದು ಮೇಜು, ಕೂತರೆ ಓಲಾಡುವ ಬೆಂಚು, ಮೊಳೆಗೆ ನೇತುಹಾಕಿದ ಹೆಲ್ಮೆಟ್ಟು. ಬೈಕು ಕಲಿಯಲು ಹೊರಟ ಹುಡುಗ ಹುಡುಗಿಯರು ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಅಲ್ಲಿಗೆ ಬರುತ್ತಿದ್ದರು. ಮಾಮ ಎಲ್ಲರಿಗೂ ಮೊದಲು ಹೇಳುತ್ತಿದ್ದದ್ದು ಇದನ್ನೇ: ಕಲಿಯುವವರ ಲೈಸೆನ್ಸಿನಲ್ಲಿ ಒಂಟಿಯಾಗಿ ಹೋಗುವಂತಿಲ್ಲ, ಪೂರ್ತಿ ಲೈಸೆನ್ಸ್ ಇರುವ ಒಬ್ಬರು ಹಿಂದೆ ಕೂತಿರಬೇಕು. ಇಲ್ಲದೆ ಹೋಗಿ ಏನಾದರೂ ಆದರೆ ಕಂಪನಿ ನಷ್ಟವಾದವರಿಗೆ ಪರಿಹಾರ ಕೊಡುತ್ತದೆ ನಿಜ, ಆದರೆ ಆಮೇಲೆ ಅಷ್ಟನ್ನೂ ಬೈಕಿನ ಮಾಲೀಕರಿಂದಲೇ ವಸೂಲಿ ಮಾಡುತ್ತದೆ.

"ಕೂರೋಕೆ ಯಾರಿದಾರೆ ಮಾಮ? ನಮ್ಮಪ್ಪಂಗೆ ಉಸಿರಾಡೋಕೂ ಪುರುಸೊತ್ತಿಲ್ಲ" ಎಂದು ಒಬ್ಬ ಹುಡುಗ ಅಲವತ್ತುಕೊಂಡಾಗ ಮಾಮ ಪಾಪ ಅನ್ನಿಸಿ ತಾವೇ ಕೂತರು. ಮರುವಾರ ಅವನ ಗೆಳತಿ ಬಂದಳು. ಕೊನೆಗೆ ಅದೇ ಪದ್ಧತಿಯಾಯಿತು. ಅವರಲ್ಲಿ ಪಾಲಿಸಿ ಮಾಡಿಸಿದರೆ ಭಾನುವಾರ ಬೆಳಿಗ್ಗೆ ಹಿಂದಿನ ಸೀಟಿಗೆ ಮಾಮನೂ ಬರುತ್ತಾರೆ ಎಂದು ಬಡಾವಣೆಗೆಲ್ಲ ಗೊತ್ತು. ಮಾಮ ದಪ್ಪ ಆಳು. "ಇವರನ್ನ ಹೊತ್ಕೊಂಡು ತಿರುವು ತಗೊಂಡೋರು ನಾಳೆ ಲಾರೀನೂ ತಿರುಗಿಸ್ತಾರೆ" ಎಂದು ಗ್ಯಾರೇಜಿನ ಮೆಕ್ಯಾನಿಕ್ ತಮಾಷೆ ಮಾಡುತ್ತಿದ್ದ.

ಆ ವರ್ಷ ಬಂದವಳು ಲಾಂಡ್ರಿಯವಳ ಮಗಳು. ಹದಿನೆಂಟು ತುಂಬಿತ್ತು. ಹಾಸ್ಟೆಲುಗಳಿಗೆ ಇಸ್ತ್ರಿಯಾದ ಬಟ್ಟೆ ತಲುಪಿಸಲು ತಾಯಿ ಹಳೆಯ ಬೈಕೊಂದನ್ನು ಕೊಂಡಿದ್ದಳು. ಮನೆಯಲ್ಲಿ ಯಾರಿಗೂ ಓಡಿಸಲು ಬರುತ್ತಿರಲಿಲ್ಲ.

"ಎಲ್ಲಕ್ಕಿಂತ ಕಮ್ಮೀದು ಯಾವುದೋ ಅದನ್ನೇ ಮಾಡಿ ಅಣ್ಣ" ಎಂದಳು ತಾಯಿ.

"ಕಮ್ಮೀದರಲ್ಲಿ ಎದುರಿಗೆ ಸಿಕ್ಕೋರಿಗೆ, ಅವರ ವಸ್ತುಗಳಿಗೆ ಆಗೋ ನಷ್ಟ ಬರುತ್ತೆ. ಓಡಿಸೋರಿಗೂ ಸ್ವಲ್ಪ ಇರುತ್ತೆ. ಹಿಂದೆ ಕೂತೋರಿಗೆ ಬೇಕು ಅಂದ್ರೆ ಬೇರೆ ಕಟ್ಟಬೇಕು."

"ಹಿಂದೆ ಕೂರೋದು ಬಟ್ಟೆ ಗಂಟು. ಅದು ಬಿದ್ರೆ ಮತ್ತೆ ಇಸ್ತ್ರಿ ಹಾಕ್ತೀನಿ, ಬಿಡಿ."

ಮಾಮ ನಕ್ಕು ಅರ್ಜಿಯಲ್ಲಿ ಹಿಂದೆ ಕೂರುವವರ ಸಾಲನ್ನು ಹೊಡೆದುಹಾಕಿದರು. ಇಷ್ಟು ವರ್ಷ ಎಲ್ಲರ ಪಾಲಿಸಿಯಲ್ಲೂ ಹೀಗೇ ಹೊಡೆದುಹಾಕುತ್ತ ಬಂದಿದ್ದರು. ಅಲ್ಲಿ ಕೂರುವವರು ತಾವೇ ಎಂಬುದು ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಎರಡನೆಯ ಭಾನುವಾರ ಅಂಗಡಿಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ. ಖಾಲಿ ರಸ್ತೆಯಲ್ಲಿ ನಾಯಿಯೊಂದು ಅಡ್ಡ ಬಂತು. ಹುಡುಗಿ ಗಾಬರಿಯಲ್ಲಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ಬಲಗೈಯಲ್ಲಿ ಬಿಗಿ ಹಿಡಿದಳು. ಹೊಸಬರು ಮಾಡುವ ತಪ್ಪೇ ಅದು. ಬೈಕು ನಿಲ್ಲುವ ಬದಲು ಮುಂದೆ ನೆಗೆದು, ಫುಟ್‌ಪಾತ್ ಹತ್ತಿ, ಔಷಧದಂಗಡಿಯ ಗಾಜಿನ ಬಾಗಿಲಿಗೆ ನುಗ್ಗಿತು. ಹುಡುಗಿಗೆ ಮೊಣಕಾಲು ತರಚಿತು. ಮಾಮ ಹಿಂದಕ್ಕೆ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ನೋಡಿದವರು ಯಾರೂ ಇರಲಿಲ್ಲ. ಮೊದಲು ಓಡಿಬಂದವನು ಮೆಕ್ಯಾನಿಕ್.

ಮೂಳೆಗೆ ಪ್ಲೇಟು ಹಾಕಬೇಕು, ತಡಮಾಡಿದರೆ ಬೆರಳು ಮಡಚಲು ಬರುವುದಿಲ್ಲ ಎಂದರು ಆಸ್ಪತ್ರೆಯಲ್ಲಿ. ಮಾಮನ ಹೆಂಡತಿ ಬಾಲವಾಡಿ ಶಿಕ್ಷಕಿ. ನೆಟ್ಟಗೆ ವಿಷಯಕ್ಕೆ ಬಂದಳು.

"ಆ ಪಾಲಿಸೀಲಿ ಇವರ ಕೈಗೆ ಏನು ಬರುತ್ತೆ?"

ಲಾಂಡ್ರಿಯವಳು ಮಾಮನ ಮುಖ ನೋಡಿದಳು. ಮಾಮ ಫ್ಯಾನು ನೋಡಿದರು.

"ಏನೂ ಬರಲ್ಲ ಅಲ್ವಾ? ಊರಿಗೆ ಉಪಕಾರಿ, ಮನೆಗೆ ಮಾರಿ."

"ಅಕ್ಕ, ಒಂದು ದಾರಿ ಇದೆ" ಎಂದ ಮೆಕ್ಯಾನಿಕ್, ದನಿ ತಗ್ಗಿಸಿ. "ಮಾಮ ರಸ್ತೆ ಪಕ್ಕ ನಡ್ಕೊಂಡು ಹೋಗ್ತಿದ್ರು, ಬೈಕ್ ಬಂದು ಗುದ್ದಿತು ಅನ್ನೋಣ. ಎದುರಿಗೆ ಸಿಕ್ಕೋರಿಗೆ ಪೂರ್ತಿ ಕೊಡ್ತಾರೆ. ನೋಡಿದೋರು ಯಾರೂ ಇಲ್ಲ. ನಾನು ನೋಡಿದೆ ಅಂತ ಹೇಳ್ತೀನಿ."

"ಹಾಗೇ ಹೇಳಿ ಅಣ್ಣ" ಎಂದಳು ಲಾಂಡ್ರಿಯವಳು. "ನಿಮ್ಮ ಕೈ ಸರಿಹೋಗ್ಲಿ ಮೊದಲು."

ಮಾಮ ಮೆಕ್ಯಾನಿಕ್ ಕಡೆ ತಿರುಗಿದರು. "ನಾನು ರಸ್ತೇಲಿದ್ದೆ ಅಂದ್ರೆ ಬೈಕ್ ಹಿಂದೆ ಯಾರಿದ್ರು?"

ಮಾಮ ಎಡಗೈಯ ಬೆರಳು ಮಡಚುತ್ತ ತಾವೇ ಲೆಕ್ಕ ಹಾಕಿದರು.

"ಯಾರೂ ಇರಲಿಲ್ಲ ಅಂತಾಯ್ತು. ಅಂದ್ರೆ ಹುಡುಗಿ ಒಂಟಿಯಾಗಿ ಓಡಿಸಿದ್ಲು. ಕಂಪನಿ ನನ್ನ ಕೈಗೂ ಕೊಡುತ್ತೆ, ಆ ಗಾಜಿಗೂ ಕೊಡುತ್ತೆ, ಆಮೇಲೆ ಇವಳ ಲಾಂಡ್ರಿ ಬಾಗಿಲಿಗೆ ಬಂದು ನಿಲ್ಲುತ್ತೆ. ಇಸ್ತ್ರಿ ಪೆಟ್ಟಿಗೆ ಮಾರಿದ್ರೂ ತೀರಲ್ಲ. ಹುಡುಗಿ ಲೈಸೆನ್ಸೂ ಹೋಗುತ್ತೆ."

"ಹಾಗಾದ್ರೆ ನಿಮ್ಮ ಬೆರಳು ಹೋಗ್ಲಿ ಅಂತೀರಾ?" ಎಂದಳು ಹೆಂಡತಿ.

"ಬೆರಳು ಹೋಗಬಾರದು. ಮನೇಲಿ ತಾರಸಿ ರಿಪೇರಿಗೆ ಇಟ್ಟಿರೋ ದುಡ್ಡು ಇದೆಯಲ್ಲ."

"ಅದು ನಾನು ಇಟ್ಟಿರೋದು."

"ಅದಕ್ಕೇ ನಿನ್ನ ಕೇಳ್ತಿದ್ದೀನಿ."

ಅವಳು ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ತಿರುಗಿಯೂ ನೋಡದೆ ಮೆಕ್ಯಾನಿಕ್‌ಗೆ ಹೇಳಿದಳು: "ನೀನು ಏನೂ ನೋಡಿಲ್ಲ. ನೋಡದೆ ಇರೋದನ್ನ ಹೇಳೋಕೂ ಹೋಗ್ಬೇಡ."

ಎರಡು ದಿನ ಕಳೆದು ಕಂಪನಿಯಿಂದ ವಿಚಾರಣೆಗೆ ಒಬ್ಬ ಅಧಿಕಾರಿಣಿ ಬಂದಳು. ಅಂಗಡಿಯ ಬಾಗಿಲು ಅಳೆದಳು, ಬೈಕಿನ ಫೋಟೊ ತೆಗೆದಳು, ಕೊನೆಗೆ ಆಸ್ಪತ್ರೆಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು.

"ಆ ಹೊತ್ತಿಗೆ ನೀವು ಎಲ್ಲಿದ್ರಿ?"

"ಹಿಂದೆ ಕೂತಿದ್ದೆ."

"ಹಿಂದಿನವರಿಗೆ ಇದರಲ್ಲಿ ಏನೂ ಸಿಗಲ್ಲ. ಗೊತ್ತಲ್ವಾ?"

"ಗೊತ್ತು. ಪಾಲಿಸಿ ಮಾಡಿಸಿದ್ದೇ ನಾನು."

ಅವಳು ಬರೆಯುವುದನ್ನು ನಿಲ್ಲಿಸಿ ಒಮ್ಮೆ ಅವರ ಕೈ ನೋಡಿ, ಮತ್ತೆ ಬರೆದುಕೊಂಡಳು. ಮಾಮನ ಲೈಸೆನ್ಸ್ ತರಿಸಿ ನೋಡಿದಳು. ನಿಯಮದ ಪ್ರಕಾರ ಎಲ್ಲವೂ ಸರಿಯಿತ್ತು. ಗಾಜಿನ ನಷ್ಟವನ್ನು ಕಂಪನಿ ಕಟ್ಟಿಕೊಟ್ಟಿತು. ಮಾಮನ ಕೈಗೆ ಮನೆಯ ದುಡ್ಡಿನಲ್ಲಿ ಪ್ಲೇಟು ಬಿತ್ತು. ತಾರಸಿ ಸೋರುತ್ತಲೇ ಉಳಿಯಿತು. ಊಟ, ಮಾತ್ರೆ, ಸ್ನಾನ ಇಷ್ಟನ್ನು ಬಿಟ್ಟು ಬೇರೆ ಮಾತನ್ನು ಹೆಂಡತಿ ಗಂಡನ ಜೊತೆ ಆಡಲಿಲ್ಲ.

ಒಂದು ಸಂಜೆ ಲಾಂಡ್ರಿಯವಳ ಮಗಳು ಮನೆಗೆ ಬಂದಳು. ಮಾಮನ ಇಸ್ತ್ರಿಯಾದ ಅಂಗಿಗಳನ್ನು ಮೇಜಿನ ಮೇಲಿಟ್ಟು, ಬಾಗಿಲ ಬಳಿಯೇ ನಿಂತಳು.

"ಬೈಕ್ ಮಾರ್ತೀವಿ ಮಾಮ. ನಾನಿನ್ನು ಕಲಿಯಲ್ಲ. ಅಮ್ಮ ಸೈಕಲ್ಲಲ್ಲೇ ಬಟ್ಟೆ ಕಳಿಸ್ತಾಳಂತೆ."

ಮಾಮ ಕಟ್ಟು ಹಾಕಿದ ಕೈಯನ್ನು ಸರಿಪಡಿಸಿಕೊಂಡರು. ಅಡುಗೆಮನೆಯಿಂದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಯಾಕೆ ಕಲಿಯಲ್ಲ?"

"ಭಯ ಆಗುತ್ತೆ ಅತ್ತೆ. ಮಾಮನೂ ಇನ್ನು ಕೂರೋ ಹಾಗಿಲ್ಲ. ಬೇರೆ ಯಾರು ಕೂರ್ತಾರೆ?"

"ನಮ್ಮ ತಾರಸಿ ದುಡ್ಡು ಸುರಿದು ನಿನ್ನ ಲೈಸೆನ್ಸ್ ಉಳಿಸಿದ್ದು ನೀನು ಸೈಕಲ್ ತುಳಿಯಲಿ ಅಂತಲ್ಲ. ನಾನು ಇಷ್ಟು ವರ್ಷ ಬಾಲವಾಡಿಗೆ ಸ್ಕೂಟರಲ್ಲೇ ಹೋಗಿದ್ದು. ಲೈಸೆನ್ಸ್ ನನ್ನ ಹತ್ರಾನೂ ಇದೆ." ಅವಳು ಗಂಡನ ಕಡೆ ತಿರುಗಿದಳು. "ಹಿಂದೆ ಕೂರೋರದ್ದು ಸೇರಿಸೋಕೆ ಎಷ್ಟು ಹೊತ್ತು ಬೇಕು?"

"ನಾಳೆ ಬೆಳಿಗ್ಗೆ ಆಗೋಗುತ್ತೆ" ಎಂದರು ಮಾಮ. ಊಟ, ಮಾತ್ರೆ ಬಿಟ್ಟರೆ ಎಷ್ಟೋ ದಿನಗಳ ಮೇಲೆ ಹೆಂಡತಿ ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಸೇರಿಸಿ, ಕಾಗದ ನನ್ನ ಕೈಗೆ ಕೊಡಿ. ನೀನು ನಾಡಿದ್ದು ಬಾ."

ಹೇಳಿದ ದಿನ ಮಾಮನ ಹೆಂಡತಿ ಸೆರಗು ಬಿಗಿದು, ಹೆಲ್ಮೆಟ್ ಹಾಕಿಕೊಂಡು ಹಿಂದಿನ ಸೀಟಿಗೆ ಹತ್ತಿದಳು. ಮಾಮ ಗೇಟಿನ ಬಳಿ ನಿಂತು, "ಮೊದಲು ಕ್ಲಚ್ ನಿಧಾನಕ್ಕೆ, ಆಮೇಲೆ..." ಎಂದು ಶುರು ಮಾಡಿದರು.

"ನೀವು ಒಳಗೆ ಹೋಗಿ" ಎಂದಳು ಹೆಂಡತಿ. ಮುಂದೆ ಕೂತವಳ ಬಲಭುಜವನ್ನು ಮೆಲ್ಲಗೆ ತಟ್ಟಿದಳು. "ಈ ಕೈ ಸಡಿಲ ಬಿಡು. ಹೂಂ, ನಡಿ."