ಮಹಾದೇವ ಬೀಡಿ ಬಿಟ್ಟ ಹದಿನೇಳನೆಯ ದಿನ

2023ರ ಜನವರಿಯಲ್ಲಿ ನಾನು ಒಂದು ಸೇವಾ ಸಂಸ್ಥೆಯ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ಈ ಕೆಲಸಕ್ಕೆ ಸೇರಿ ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಬೆಳಗಾವಿಯಿಂದ ಬರುತ್ತಿದ್ದ ಮನೋವೈದ್ಯರ ಜೊತೆ ಸೋಮವಾರ ಗೋಕಾಕ, ಮಂಗಳವಾರ ಮೂಡಲಗಿ, ಗುರುವಾರ ಹುಕ್ಕೇರಿ, ಹೀಗೆ ನಮ್ಮ ವಾರ ಕಳೆಯುತ್ತಿತ್ತು. ರಕ್ತ ತೆಗೆಯುವುದು, ಮಾತ್ರೆ ಎಣಿಸಿ ಕೊಡುವುದು, ರಿಜಿಸ್ಟರ್ ಬರೆಯುವುದು, ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಪಾಲಿನ ಕೆಲಸ. ಈ ಬರಹದಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ. ಉಳಿದದ್ದೆಲ್ಲ ನಡೆದಂತೆಯೇ ಇದೆ.

ನಾಗನೂರಿನ ಮಹಾದೇವನಿಗೆ ಆಗ ಮೂವತ್ತನಾಲ್ಕು ವರ್ಷ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಶುರುವಾಗಿತ್ತು. ಯಾರೂ ಇಲ್ಲದಾಗ ದನಿಗಳು ಕೇಳುತ್ತಿದ್ದವು. ಅಕ್ಕ ಕಸ್ತೂರೆವ್ವನ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ಅವನು ಅನ್ನ ಮುಟ್ಟುತ್ತಿರಲಿಲ್ಲ. ನಮ್ಮಲ್ಲಿಗೆ ಬರುವ ಮೊದಲು ಮೂರು ವರ್ಷ ದನದ ಕೊಟ್ಟಿಗೆಯಲ್ಲೇ ಮಲಗಿದ್ದ. ಎರಡು ಬಗೆಯ ಔಷಧಿ ಸಾಕಷ್ಟು ಕಾಲ ಕೊಟ್ಟರೂ ಗುಣವಾಗದಿದ್ದಾಗ ವೈದ್ಯರು ಕ್ಲೋಜಪಿನ್ ಶುರು ಮಾಡಿದರು.

ಕ್ಲೋಜಪಿನ್ ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಯನ್ನು ಬಗ್ಗಿಸುವ ಔಷಧಿ. ಅಷ್ಟೇ ಕಾವಲು ಬೇಡುವ ಔಷಧಿಯೂ ಹೌದು. ಕೆಲವರಲ್ಲಿ ಅದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಆದ್ದರಿಂದ ಮೊದಲ ಹದಿನೆಂಟು ವಾರ ವಾರಕ್ಕೊಮ್ಮೆ ರಕ್ತ ನೋಡುತ್ತೇವೆ, ಆಮೇಲೂ ಪರೀಕ್ಷೆ ತಪ್ಪಿಸುವಂತಿಲ್ಲ. ಜ್ವರ, ಗಂಟಲು ನೋವು ಬಂದರೆ ಅದೇ ದಿನ ತಿಳಿಸಬೇಕು. ಮಲಬದ್ಧತೆಯನ್ನು ಸಣ್ಣದೆಂದು ಬಿಡುವಂತಿಲ್ಲ. ಪ್ರಮಾಣ ಹೆಚ್ಚಾದರೆ ಫಿಟ್ಸ್ ಬರಬಹುದು. ಇವೆಲ್ಲವನ್ನೂ ಕಸ್ತೂರೆವ್ವನಿಗೆ ನಾನೇ ಹೇಳಿದ್ದೆ, ಆಕೆ ಒಂದನ್ನೂ ಮರೆತಿರಲಿಲ್ಲ.

ಬೆಳಿಗ್ಗೆ 100, ರಾತ್ರಿ 300, ಒಟ್ಟು 400 ಮಿಲಿಗ್ರಾಂನಲ್ಲಿ ಮಹಾದೇವ ನಿಂತ. ಕೊಟ್ಟಿಗೆ ಬಿಟ್ಟು ಪಡಸಾಲೆಗೆ ಬಂದ. ಎರಡನೆಯ ವರ್ಷ ಊರಿನ ಬೆಲ್ಲದ ಗಾಣದಲ್ಲಿ ಕೆಲಸಕ್ಕೆ ಹೋದ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಏಳುವ ನೊರೆಯನ್ನು ಉದ್ದ ಹಿಡಿಕೆಯ ಜರಡಿಯಿಂದ ತೆಗೆಯುವುದು ಅವನ ಕೆಲಸ. ಆ ಜರಡಿಯನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲವಂತೆ.

ಜನವರಿ 2, ಸೋಮವಾರ, ಅವನು ತಿಂಗಳ ರಕ್ತಪರೀಕ್ಷೆಗೆ ಗೋಕಾಕಕ್ಕೆ ಬಂದ. ವರದಿ ಸರಿಯಾಗಿತ್ತು. ರಕ್ತ ತೆಗೆಯುವಾಗ ಕೆಮ್ಮಿನಿಂದ ಅವನ ತೋಳು ನಿಲ್ಲಲಿಲ್ಲ. ದಿನಕ್ಕೆ ಇಪ್ಪತ್ತೈದು ಬೀಡಿ ಎಂದು ರಿಜಿಸ್ಟರಿನಲ್ಲಿ ನಾನೇ ಬರೆದಿದ್ದೆ. ಬೀಡಿ ಬಿಡು ಎಂದು ಹತ್ತು ನಿಮಿಷ ಹೇಳಿದೆ. ಅಕ್ಕನ ಮಗಳು ವಾಸನೆಗೆ ಮೂಗು ಮುಚ್ಚಿಕೊಂಡು ದೂರ ಕೂರುತ್ತಾಳೆ ಎಂದು ಅವನೇ ಹೇಳಿಕೊಂಡ. ಅದನ್ನೇ ಹಿಡಿದು ಇನ್ನಷ್ಟು ಹೇಳಿದೆ. ಅವನು ಜೇಬಿನಿಂದ ಬೀಡಿ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದ. ಹಾಗೆ ಇಟ್ಟು ಹೋದವರನ್ನು ಬಹಳ ನೋಡಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಕಟ್ಟು ಕೊಳ್ಳುತ್ತಾರೆ. ಪಕ್ಕದ ಕೋಣೆಯಲ್ಲಿದ್ದ ವೈದ್ಯರಿಗೆ ನಾನು ಹೇಳಲಿಲ್ಲ. ರಿಜಿಸ್ಟರಿನಲ್ಲಿ ಬರೆಯಲೂ ಇಲ್ಲ. ಬುದ್ಧಿಮಾತನ್ನು ಯಾರು ಬರೆಯುತ್ತಾರೆ?

ಜನವರಿ 19, ಗುರುವಾರ, ಮಧ್ಯಾಹ್ನ ಹನ್ನೆರಡೂವರೆಗೆ ಹುಕ್ಕೇರಿಯಲ್ಲಿದ್ದಾಗ ಕಸ್ತೂರೆವ್ವನ ಫೋನ್ ಬಂತು. ಹಿಂದಿನ ದಿನ ಹನ್ನೊಂದು ಗಂಟೆಗೆ ಮಹಾದೇವ ಗಾಣದಲ್ಲಿ ಫಿಟ್ಸ್ ಬಂದು ಬಿದ್ದಿದ್ದ. ಕೊಪ್ಪರಿಗೆ ಕುದಿಯುತ್ತಿತ್ತು. ಜರಡಿ ತೊಳೆಯಲು ಆಗಷ್ಟೇ ನೀರಿನ ತೊಟ್ಟಿಯ ಕಡೆ ತಿರುಗಿದ್ದ, ಆದ್ದರಿಂದ ಈಚೆ ಬದಿಗೆ ಬಿದ್ದ. ಊರಿನ ವೈದ್ಯರು ಸಕ್ಕರೆ, ಬಿ.ಪಿ. ನೋಡಿ, ಸರಿಯಿದೆ, ಆದರೂ ಗೋಕಾಕಕ್ಕೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ ಎಂದಿದ್ದರು. ಹತ್ತು ದಿನದಿಂದ ಅವನಿಗೆ ವಿಪರೀತ ನಿದ್ದೆ, ದಿಂಬು ಒದ್ದೆಯಾಗುವಷ್ಟು ಜೊಲ್ಲು. ಬೀಡಿ ಬಿಟ್ಟದ್ದಕ್ಕೆ ಮೈ ಹಾಗೆ ಮಾಡುತ್ತಿದೆ ಎಂದುಕೊಂಡಿದ್ದರಂತೆ.

‘ಬಿಟ್ಟಾನೇನ್ರಿ ಖರೇನ?’ ಎಂದೆ.

‘ಅವತ್ತ ನಿಮ್ಮ ಟೇಬಲ್ ಮ್ಯಾಲ ಇಟ್ಟು ಬಂದಾನಲ್ಲ, ಆಮ್ಯಾಲ ಒಂದೂ ಮುಟ್ಟಿಲ್ರಿ.’

ಮಾತ್ರೆಗಳನ್ನೆಲ್ಲ ತಿಪ್ಪೆಗೆ ಎಸೆದಿದ್ದೇನೆ, ಇನ್ನು ಕೊಡುವುದಿಲ್ಲ ಎಂದು ಹೇಳಿ ಆಕೆ ಫೋನ್ ಇಟ್ಟಳು.

ನಾನು ವೈದ್ಯರ ಕೋಣೆಗೆ ಹೋಗಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

‘ಎಷ್ಟು ಸೇದತಿದ್ದ?’

‘ಇಪ್ಪತ್ತೈದು.’

‘ಬಿಡಂತ ಯಾರು ಹೇಳಿದ್ರು?’

‘ನಾನ, ಸರ್.’

ಅವರು ದನಿ ಏರಿಸಲಿಲ್ಲ. ‘ಅವಗ ಹೇಳಿದ್ದು ತಪ್ಪಲ್ಲ ಸಿಸ್ಟರ್. ನನಗ ಹೇಳಲಿಲ್ಲಲ್ಲ, ಅದು.’

ಕಾರಣ ಇಷ್ಟೇ. ಬೀಡಿ, ಸಿಗರೇಟಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಕ್ಲೋಜಪಿನ್ನನ್ನು ಒಡೆದು ಹೊರಹಾಕುವುದು ಅದೇ ಕಿಣ್ವ. ಸೇದುವವನಿಗೆ ಔಷಧಿ ಹೆಚ್ಚು ಬೇಕಾಗುತ್ತದೆ. ಸೇದುವುದು ನಿಂತರೆ ಒಂದೆರಡು ವಾರದಲ್ಲಿ ಕಿಣ್ವ ಮಂದವಾಗುತ್ತದೆ, ಅದೇ 400 ಮಿಲಿಗ್ರಾಂ ರಕ್ತದಲ್ಲಿ ಬಹಳ ಹೆಚ್ಚಾಗಿ ನಿಲ್ಲುತ್ತದೆ. ಇದು ಹೊಗೆಯ ಕೆಲಸ, ನಿಕೋಟಿನ್ನಿನದಲ್ಲ. ತಂಬಾಕು ಜಗಿಯುವವರಲ್ಲಿ ಹೀಗಾಗುವುದಿಲ್ಲ. ಬೀಡಿ ಬಿಡಿಸುವುದಾದರೆ ಜೊತೆಗೇ ಮಾತ್ರೆ ಇಳಿಸುತ್ತ ಬರಬೇಕು.

ಇನ್ನೊಂದು ಲೆಕ್ಕವಿತ್ತು. ಕ್ಲೋಜಪಿನ್ ನಲವತ್ತೆಂಟು ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣಕ್ಕೆ ಮರಳುವಂತಿಲ್ಲ. ಮೈಗೆ ಅದರ ರೂಢಿ ತಪ್ಪಿರುತ್ತದೆ, ಬಿ.ಪಿ. ಕುಸಿಯಬಹುದು. ಹನ್ನೆರಡೂವರೆ ಮಿಲಿಗ್ರಾಂನಿಂದ ಹೊಸದಾಗಿ ವಾರಗಟ್ಟಲೆ ಏರಿಸಬೇಕು. ಅಷ್ಟರಲ್ಲಿ ದನಿಗಳು ತಿರುಗಿ ಬರುತ್ತವೆ. ಮಹಾದೇವ ಕೊನೆಯ ಮಾತ್ರೆ ನುಂಗಿದ್ದು ಬುಧವಾರ ಬೆಳಿಗ್ಗೆ ಎಂಟಕ್ಕೆ. ಶುಕ್ರವಾರ ಬೆಳಿಗ್ಗೆ ಎಂಟರವರೆಗೆ ಸಮಯವಿತ್ತು. ಫಿಟ್ಸ್ ಬಂದ ಮೇಲೆ ಒಂದು ದಿನ ಔಷಧಿ ತಡೆಯುವುದು ನಾವೂ ಮಾಡುವುದೇ. ಎರಡನೆಯ ದಿನ ದಾಟಿದರೆ ಕೊಟ್ಟಿಗೆ ಕಾಯುತ್ತಿತ್ತು. ಅರ್ಧ ಪ್ರಮಾಣ, ರಾತ್ರಿ 200 ಮಿಲಿಗ್ರಾಂ ಮಾತ್ರ ಎಂದು ವೈದ್ಯರು ಬರೆದುಕೊಟ್ಟರು. ಜ್ವರ, ಮೈ ಬಿಗಿತ, ಹೊಟ್ಟೆಯುಬ್ಬರ, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಮಾತ್ರೆ ಕೊಡದೆ ನೇರ ಗೋಕಾಕದ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು.

ಕ್ಲಿನಿಕ್ಕಿನ ಜೀಪಿನಲ್ಲಿ ಮೂರು ಗಂಟೆಗೆ ಹೊರಟೆ. ಗೋಕಾಕ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡಲಿಲ್ಲ. ನಾಗನೂರು ಮುಟ್ಟಿದಾಗ ಆರು ಗಂಟೆಗೆ ಹತ್ತು ನಿಮಿಷವಿತ್ತು.

ಮಹಾದೇವ ಪಡಸಾಲೆಯಲ್ಲಿ ಮಲಗಿದ್ದ. ನಾಲಿಗೆಯ ಬಲಬದಿ ಕಚ್ಚಿ ಗಾಯವಾಗಿತ್ತು, ಮೊಣಕೈ ತರಚಿತ್ತು. ಕರೆದರೆ ಕಣ್ಣು ಬಿಟ್ಟ, ಹೆಸರು, ವಾರ ಸರಿಯಾಗಿ ಹೇಳಿದ. ಜ್ವರವಿಲ್ಲ. ಕೈಕಾಲು ಬಿಗಿದಿಲ್ಲ. ಹೊಟ್ಟೆ ಮೆತ್ತಗಿತ್ತು, ಅವತ್ತು ಬೆಳಿಗ್ಗೆ ಹೊರಕಡೆಗೆ ಹೋಗಿ ಬಂದಿದ್ದ. ಬಿ.ಪಿ. 110/70. ರಕ್ತ ತೆಗೆದುಕೊಂಡೆ. ಅಷ್ಟರಲ್ಲಿ ಕಸ್ತೂರೆವ್ವ ಚಹಾ ತಂದು ನನ್ನ ಮುಂದಿಟ್ಟಳು.

‘ನನ್ನ ತಮ್ಮ ಕೊಪ್ಪರಿಗ್ಯಾಗ ಬಿದ್ದಿದ್ರ ಇವತ್ತ ನಿಮಗ ಚಾ ಕೊಡತಿದ್ನೇನ್ರಿ, ಸಿಸ್ಟರ?’ ಎಂದಳು. ‘ಗುಳಿಗಿಯಿಂದನ ಆಗೈತಿ. ಅಲ್ಲ ಅನ್ನಾಕ ಬಂದೀರಿ ನೀವು.’

ದಾರಿಯುದ್ದಕ್ಕೂ ನಾನು ಬೇರೆ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟು ಇದ್ದದ್ದನ್ನೇ ಹೇಳಿದೆ.

‘ಅಲ್ಲ ಅನ್ನಾಕ ಬಂದಿಲ್ರಿ, ಕಸ್ತೂರಕ್ಕಾ. ಗುಳಿಗಿಯಿಂದನ ಆಗೈತಿ. ಬೀಡಿ ಬಿಟ್ಟಾಗ ಗುಳಿಗಿ ಕಡಿಮಿ ಮಾಡಬೇಕಾಗಿತ್ತು. ಬಿಡಂತ ಹೇಳಿದಾಕಿ ನಾನು. ಡಾಕ್ಟರ್‌ಗೆ ಹೇಳದ ಉಳಿದಾಕಿನೂ ನಾನ.’

ಕಾರಣವನ್ನು ಎರಡು ಸಲ ವಿವರಿಸಿದೆ. ಮೂರನೆಯ ಸಲ ಆಕೆಯೇ ನನಗೆ ತಿರುಗಿ ಹೇಳಿದಳು, ಸರಿಯಾಗಿ ಹೇಳಿದಳು. ಆಮೇಲೆ ತನ್ನದೇ ಪರಿಹಾರ ಮುಂದಿಟ್ಟಳು. ‘ಹಂಗಾದ್ರ ಬೀಡಿನ ಸೇದಲಿ ಬಿಡ್ರಿ. ಇಷ್ಟ ವರ್ಷ ಸೇದ್ಯಾನ, ಏನೂ ಆಗಿದ್ದಿಲ್ಲ. ಈಗ ತರಸ್ತೀನಿ ಒಂದ ಕಟ್ಟ.’

ಅದು ಹುಚ್ಚು ಮಾತಾಗಿರಲಿಲ್ಲ. ಮತ್ತೆ ಸೇದಿದರೆ ಹೊಗೆಗೂ ಔಷಧಿಗೂ ಇದ್ದ ಹಳೆಯ ಸಮತೋಲ ತಿರುಗಿ ಬರುತ್ತಿತ್ತು. ಅಷ್ಟರಲ್ಲಿ ಹಾಸಿಗೆಯ ಕಡೆಯಿಂದ ಮಾತು ಬಂತು. ಗಾಯದ ನಾಲಿಗೆಯಿಂದ ನಿಧಾನವಾಗಿ ಬಂತು.

‘ಬೀಡಿ ನಾ ಬಿಟ್ಟೇನಿ, ಅಕ್ಕಾ. ಗುಳಿಗಿ ಅವರು ಕಡಿಮಿ ಮಾಡ್ಲಿ.’

ಹನ್ನೊಂದು ವರ್ಷದಲ್ಲಿ ಅವನ ಬಗ್ಗೆ ಎಲ್ಲ ತೀರ್ಮಾನಗಳನ್ನೂ ಬೇರೆಯವರಾದ ನಾವೇ ಮಾಡಿದ್ದೆವು. ಕಸ್ತೂರೆವ್ವ ಎದ್ದು ಒಳಗೆ ಹೋಗಿ ರೊಟ್ಟಿ ಹಾಲು ತಂದಳು. ಉಂಡ ಮೇಲೆ ಏಳು ಗಂಟೆಗೆ ನನ್ನೆದುರಿಗೆ, ನಾನು ತಂದಿದ್ದ ನೂರರ ಎರಡು ಮಾತ್ರೆ ಕೊಟ್ಟಳು. ಕೊನೆಯ ಮಾತ್ರೆಯಿಂದ ಅಲ್ಲಿಗೆ ಮೂವತ್ತೈದು ಗಂಟೆಯಾಗಿತ್ತು.

ಸ್ಕ್ಯಾನ್ ಶನಿವಾರ ಆಯಿತು, ತಲೆಯಲ್ಲಿ ಬೇರೆ ತೊಂದರೆಯಿರಲಿಲ್ಲ. ಮುಂದಿನ ವಾರ ನಾನು ಗಾಣಕ್ಕೆ ಹೋದೆ. ಅವನು ಬಿದ್ದ ಜಾಗ ತೋರಿಸಿದರು. ಅಲ್ಲಿಂದ ಕೊಪ್ಪರಿಗೆಯ ಅಂಚಿಗೆ ನಡೆದು ಅಳೆದೆ. ನಾಲ್ಕು ಹೆಜ್ಜೆ. ‘ಅಳತಿ ಯಾಕ್ರಿ ಸಿಸ್ಟರ, ಗಾಣ ಖರೀದಿ ಮಾಡಾವ್ರದೀರೇನ?’ ಎಂದು ಮಾಲೀಕರು ನಕ್ಕರು. ನಾನು ನಗಲಿಲ್ಲ. ಬೆಂಕಿಯ ಹತ್ತಿರ ಸದ್ಯಕ್ಕೆ ಅವನಿಗೆ ಕೆಲಸ ಬೇಡವೆಂದು ನಾನು ಹೇಳಿದಾಗ, ತಣಿದ ಅಚ್ಚುಗಳಿಂದ ಬೆಲ್ಲ ಬಿಡಿಸುವ ಕೆಲಸಕ್ಕೆ ಹಾಕುವುದಾಗಿ ಅವರು ಒಪ್ಪಿದರು. ಮಹಾದೇವನಿಗೆ ಅದು ಇಷ್ಟವಾಗಲಿಲ್ಲ. ಜರಡಿ ಇನ್ನೊಬ್ಬರ ಕೈಗೆ ಹೋಯಿತು.

ಆ ದಿನಗಳಲ್ಲೇ ನನ್ನ ಹಳೆಯ ತರಬೇತಿಯ ನೋಟ್‌ಬುಕ್ ತೆಗೆದು ನೋಡಿದೆ. ‘ಧೂಮಪಾನ ನಿಲ್ಲಿಸಿದರೆ ಕ್ಲೋಜಪಿನ್ ಮಟ್ಟ ಏರುತ್ತದೆ, ವೈದ್ಯರಿಗೆ ತಿಳಿಸಿ.’ ಅಕ್ಷರ ನನ್ನದೇ. ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಫೆಬ್ರವರಿಯಲ್ಲಿ 200ರಿಂದ ಸ್ವಲ್ಪ ಏರಿಸಿ 250 ಮಿಲಿಗ್ರಾಂಗೆ ನಿಲ್ಲಿಸಿ ರಕ್ತದಲ್ಲಿ ಔಷಧಿಯ ಮಟ್ಟ ಪರೀಕ್ಷಿಸಿದೆವು. ಹಿಂದಿನ ವರ್ಷ 400ರಲ್ಲಿ ಬಂದಿದ್ದ ಮಟ್ಟಕ್ಕೆ ಅದು ಹೆಚ್ಚುಕಡಿಮೆ ಸಮವಾಗಿತ್ತು. ದನಿಗಳು ಬಂದಿರಲಿಲ್ಲ. ಫಿಟ್ಸ್ ಮರುಕಳಿಸಲಿಲ್ಲ.

ಹೊಸದಾಗಿ ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುವುದನ್ನು ನಮಗೆ ಕಲಿಸಿರುತ್ತಾರೆ. ಏನನ್ನು ಬಿಟ್ಟಿದ್ದೀರಿ ಎಂದು ಕೇಳುವುದನ್ನು ನಾನು ಇಪ್ಪತ್ತೆರಡು ವರ್ಷದ ಮೇಲೆ ಕಲಿತೆ. ಒಳ್ಳೆಯದನ್ನು ಮಾಡಿದವನು ತಾನಾಗಿ ಬಂದು ದೂರು ಹೇಳುವುದಿಲ್ಲ, ನಾವೇ ಕೇಳಬೇಕು. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಎಳೆದೆ.

ಮಾರ್ಚ್ 6ರಂದು ಗೋಕಾಕದಲ್ಲಿ ಆ ಕಾಲಂ ಮೇಲೆ ಪೆನ್ನಿಟ್ಟು ಮಹಾದೇವನನ್ನು ಕೇಳಿದೆ, ‘ಏನರೆ ಬಿಟ್ಟಿಯೇನಪಾ ಈ ತಿಂಗಳ?’

‘ಬಿಡಾಕ ಇನ್ನೇನ ಉಳದೈತ್ರಿ, ಸಿಸ್ಟರ? ಚಾ ಒಂದ ಐತಿ.’

ಕಸ್ತೂರೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಚಹಾ, ಕಾಫಿ ಒಮ್ಮೆಲೇ ಬಿಟ್ಟರೂ, ಒಮ್ಮೆಲೇ ಹೆಚ್ಚಿಸಿದರೂ ಇದೇ ಔಷಧಿಯ ಮಟ್ಟ ಏರುಪೇರಾಗುತ್ತದೆ. ಅದನ್ನು ಬಿಡುವುದಿದ್ದರೂ ಮೊದಲು ನನಗೆ ಹೇಳು ಎಂದೆ. ದಿನಕ್ಕೆ ಎಷ್ಟು ಕಪ್ ಎಂದು ಕೇಳಿದೆ. ನಾಲ್ಕು ಎಂದ. ಬರೆದುಕೊಂಡೆ. ಆಮೇಲೆ ರಿಜಿಸ್ಟರ್ ಹಿಡಿದು ವೈದ್ಯರ ಕೋಣೆಗೆ ಹೋಗಿ ಅದನ್ನೂ ಓದಿ ಹೇಳಿದೆ.